ತರಗತಿಯ ಬಾಗಿಲಿಗೆ ಒಳಗಡೆ ಚಿಲಕವಿಲ್ಲ

“ಮೇಡಂ, ಬಾಗ್ಲಾ ಹಾಕ್ರಿ! ಲಗೂ ಹಾಕ್ರಿ!”

ಪಾಠದ ನಡುವೆ ಸುಮಂಗಲಾ ಹೀಗೆ ಕೂಗಿ ಎದ್ದು ನಿಂತಾಗ ನನಗೆ ಏನೂ ಅರ್ಥವಾಗಲಿಲ್ಲ. ಎಂ.ಎ. ಕೊನೆಯ ವರ್ಷದ ಹುಡುಗಿ. ನವಲಿಯಿಂದ ಕೊಪ್ಪಳದ ನಮ್ಮ ಕಾಲೇಜಿಗೆ ದಿನಾ ಬಸ್ಸಿಗೆ ಬರುವವಳು. ಅವಳು ನೋಡುತ್ತಿದ್ದ ಕಿಟಕಿಯತ್ತ ನಾನೂ ನೋಡಿದೆ. ಗೇಟು ದಾಟಿ ಒಬ್ಬ ಯುವಕ ನಮ್ಮ ಕಡೆಗೇ ದಾಪುಗಾಲು ಹಾಕುತ್ತಿದ್ದ. ಕೈಯಲ್ಲಿ ಕುಡುಗೋಲು.

ಓಡಿಹೋಗಿ ಬಾಗಿಲು ಹಾಕಿದೆ. ಚಿಲಕಕ್ಕಾಗಿ ಕೈಯಾಡಿಸಿದೆ. ಮೇಲೆ ಇಲ್ಲ, ಕೆಳಗೆ ಇಲ್ಲ, ನಡುವೆಯೂ ಇಲ್ಲ.

ವರ್ಷಗಳಿಂದ ಅದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದೇನೆ. ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ ಎಂದು ಗೊತ್ತಾದದ್ದು ಆ ಗಳಿಗೆಯಲ್ಲಿ! (ಹೊರಗಡೆ ಮಾತ್ರ ದಪ್ಪನೆಯ ಕೊಂಡಿ ಇದೆ. ರಾತ್ರಿ ಫ್ಯಾನು, ಪ್ರೊಜೆಕ್ಟರು ಕಳುವಾಗಬಾರದಲ್ಲ?)

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. “ಬೆಂಚ್ ಎಳೀರಲೇ!” ಎಂದು ಶಬಾನಾ ಕೂಗಿದಳು. ಕುಷ್ಟಗಿಯ ಹುಡುಗಿ, ನಮ್ಮ ಕಬಡ್ಡಿ ತಂಡದ ನಾಯಕಿ. ಬೆಂಚು ಬಂದು ಬಾಗಿಲಿಗೆ ತಾಗುವುದಕ್ಕೂ ಹೊರಗಿನಿಂದ ಮೊದಲ ಒದೆ ಬೀಳುವುದಕ್ಕೂ ಸರಿಹೋಯಿತು.

“ಸುಮಾ, ಹೊರಗ ಬಾ! ಇವತ್ತ ಒಂದ್ ಫೈಸಲಾ ಆಗಾಕಬೇಕು!”

ಅವನು ಅವಳ ಸೋದರತ್ತೆಯ ಮಗ. ಚಿಕ್ಕಂದಿನಲ್ಲೇ ಹಿರಿಯರು ಮಾತಾಡಿಟ್ಟ ಸಂಬಂಧ. ಹೋದ ತಿಂಗಳು ಸುಮಂಗಲಾ ಎಲ್ಲರೆದುರು ‘ಒಲ್ಲೆ’ ಎಂದಿದ್ದಳು. ಅಪ್ಪ ಒಪ್ಪಿಕೊಂಡಿದ್ದರು. ಇವನು ಒಪ್ಪಿರಲಿಲ್ಲ. (ಇದೆಲ್ಲ ನನಗೆ ತಿಳಿದದ್ದು ಆಮೇಲೆ.)

ಒದ್ದಾಗಲೆಲ್ಲ ಬಾಗಿಲು ಗೇಣುದ್ದ ತೆರೆದುಕೊಳ್ಳುತ್ತಿತ್ತು. ಒಮ್ಮೆ ಸಂದಿಯಲ್ಲಿ ಕುಡುಗೋಲಿನ ತುದಿ ಒಳಗೆ ಬಂತು. ಎಲ್ಲರೂ ಸೇರಿ ಮತ್ತೆ ತಳ್ಳಿದೆವು. ಸುಮಂಗಲಾ ಹಿಂದೆಲ್ಲೋ ಅವಿತಿರಬೇಕು ಅಂದುಕೊಂಡಿದ್ದೆ. ನೋಡಿದರೆ ನನ್ನ ಪಕ್ಕದಲ್ಲೇ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದಾಳೆ!

“ನಾ ಬರಾಂಗಿಲ್ಲ!” ಎಂದಳು, ಬಾಗಿಲಿನತ್ತ ಮುಖ ಮಾಡಿ. “ಅವತ್ತೂ ಒಲ್ಲೆ ಅಂದೀನಿ, ಇವತ್ತೂ ಒಲ್ಲೆ ಅಂತೀನಿ. ಬಾಗ್ಲಾ ಮುರಿದ್ರೂ ಅದ ಮಾತು!”

ದನಿ ನಡುಗುತ್ತಿತ್ತು. ಮಾತು ನಡುಗಲಿಲ್ಲ.

ಕೊನೆಗೆ ಅಟೆಂಡರ್ ಹುಸೇನಸಾಬ್ ಮತ್ತು ಪಕ್ಕದ ತರಗತಿಯ ಹುಡುಗರು ಹಿಂದಿನಿಂದ ಬಂದು ಅವನನ್ನು ಹಿಡಿದರು. ಜಗ್ಗಾಟದಲ್ಲಿ ಹುಸೇನಸಾಬರ ತೋಳಿಗೆ ಕುಡುಗೋಲು ತಾಗಿ ಹೊಲಿಗೆ ಬಿತ್ತು. ಪೊಲೀಸರು ಬಂದು ಅವನನ್ನು ಕರೆದೊಯ್ದರು.

ಮರುದಿನ ಮೀಟಿಂಗು. ಎಲ್ಲ ತರಗತಿಗಳಿಗೂ ಒಳಗಡೆ ಚಿಲಕ ಬೇಕು ಎಂದೆ.

“ಚಿಲಕ ಹಾಕಸೋದು ದೊಡ್ಡ ಮಾತಲ್ಲ ಮೇಡಂ,” ಎಂದರು ಕಾಲೇಜಿನ ಮುಖ್ಯಸ್ಥರು. “ಆದ್ರ ಹುಡುಗ್ರು ಹುಡುಗ್ಯಾರು ಒಳಗ ಕುಂತು ಚಿಲಕ ಹಾಕ್ಕೊಂಡ್ರ? ಹೆಸರು ಯಾರ್ದು ಕೆಡ್ತೈತಿ?”

“ಇಂಥಾದ್ದು ದಿನಾ ಆಗ್ತೈತೇನ್ರಿ?” ಎಂದು ಇನ್ನೊಬ್ಬರು ದನಿಗೂಡಿಸಿದರು.

ದಿನಾ ಆಗಬೇಕೆ? ಒಂದು ಸಲ ಸಾಲದೆ?

“ಸರ್, ನಿಮ್ಮ ಚೇಂಬರಿಗೆ ಒಳಗ ಚಿಲಕ ಐತೇನ್ರಿ?” ಕೇಳಿದೆ.

“ಐತಿ. ಯಾಕ್ರಿ?”

“ಹಂಗಾದ್ರ ನಮ್ಮ ಕ್ಲಾಸಿಗೆ ಚಿಲಕ ಬೀಳೋತನಕ ಪಾಠ ಅಲ್ಲೇ ನಡೀತೈತ್ರಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಇಡೀ ತರಗತಿ ಮುಖ್ಯಸ್ಥರ ಚೇಂಬರಿನಲ್ಲಿತ್ತು. ಸೋಫಾದ ಮೇಲೆ ಕೆಲವರು, ನೆಲದ ಮೇಲೆ ಉಳಿದವರು. ಅವರು ಬಂದು ಬಾಗಿಲಲ್ಲೇ ನಿಂತರು.

“ಇದೇನ್ರಿ ಮೇಡಂ?”

“ಪಾಠಾರಿ ಸರ್. ಒಳಗ ಬರ್ರಿ.”

ಬರಲಿಲ್ಲ. ಸಿಟ್ಟಿನಿಂದ ಸ್ಟಾಫ್ ರೂಮಿಗೆ ಹೋದರು. ನೋಟಿಸ್ ಬರಬಹುದು ಎಂದು ಸಹೋದ್ಯೋಗಿಗಳು ಹೆದರಿಸಿದರು. ಬಂದರೆ ಬರಲಿ ಎಂದೆ. ವಾರವಿಡೀ ಪಾಠ ಅಲ್ಲೇ ನಡೆಯಿತು. ಶನಿವಾರ ಮುಖ್ಯಸ್ಥರೇ ಬಂದು ಒಂದು ಕುರ್ಚಿ ಎಳೆದುಕೊಂಡು ಕುಳಿತರು. “ನನ್ನ ಅಂಜಿಕಿಗೂ ಒಂದ್ ದಾರಿ ಹೇಳ್ರಿ,” ಎಂದರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

ಎದ್ದು ನಿಂತವಳು ಶಬಾನಾ.

“ಆ ಅಂಜಿಕಿ ನಮಗೂ ಐತ್ರಿ ಸರ್. ಒಳಗ ಇದ್ದಾವನ ಕೆಟ್ಟಾವ ಇದ್ರ? ಅದಕ್ಕ ಬರೇ ಚಿಲಕ ಬ್ಯಾಡ್ರಿ. ಒಳಗಿಂದ ಒತ್ತಿದ್ರ ಬೀಳಬೇಕು, ತಿರುವಿದ್ರ ತೆರೀಬೇಕು. ಹೊರಗಿಂದ ಆಫೀಸಿನ ಕೀಲಿಗೆ ಅಷ್ಟ ತೆರೀಬೇಕು. ಅಂಥಾ ಲಾಕ್ ಹಾಕಸ್ರಿ.”

ಬೆಂಕಿ ಬಿದ್ದರೂ ಒಂದೇ ತಿರುವಿಗೆ ಹೊರಗೆ ಓಡಬಹುದು ಎಂದು ನಾನು ಸೇರಿಸಿದೆ. ಮುಖ್ಯಸ್ಥರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ, “ಕೊಪ್ಪಳದಾಗ ಸಿಗ್ತಾವೇನು, ಗಂಗಾವತಿಯಿಂದ ತರಸಬೇಕೋ?” ಎಂದರು.

ಗೆದ್ದೆವು ಎಂದು ಗೊತ್ತಾಯಿತು!

ಈಗ ಎಲ್ಲ ತರಗತಿಗೂ ಅಂಥ ಲಾಕ್ ಬಂದಿದೆ. ಆಗಾಗ ಅಭ್ಯಾಸವನ್ನೂ ಮಾಡಿಸುತ್ತೇವೆ. ಕೂಗು ಕೇಳಿದರೆ ಬಾಗಿಲು ಹಾಕು, ಲಾಕ್ ಒತ್ತು, ಕಿಟಕಿಯಿಂದ ದೂರ ಸರಿ, ಮೊಬೈಲು ಸೈಲೆಂಟ್ ಮಾಡು. ಮೊದಲ ಸಲ ಹುಡುಗರು ಕಿಸಕ್ಕೆಂದರು. ಎರಡನೇ ಸಲ ಯಾರೂ ನಗಲಿಲ್ಲ.

ಆದರೆ ಇನ್ನೊಂದು ಚಿಲಕದ ಮಾತು ಹೇಳಲೇಬೇಕು. ಆ ಘಟನೆಯ ನಂತರ ಊರಿನ ಕೆಲವರು ಸುಮಂಗಲಾಳ ಅಪ್ಪನಿಗೆ ಹೇಳಿದ್ದು ಇಷ್ಟೇ: ‘ಓದಿದ್ದು ಸಾಕು, ಮನ್ಯಾಗ ಇಟ್ಕೋ.’ ನೋಡಿ, ಕುಡುಗೋಲು ಹಿಡಿದವನು ಅವನು. ಕೂಡಿಹಾಕಬೇಕಾದದ್ದು ಇವಳನ್ನೇ? ಹೊರಗಡೆಯ ಚಿಲಕ ಹಾಕಲು ನಮ್ಮ ಜನ ಯಾವ ಮೀಟಿಂಗಿಗೂ ಕಾಯುವುದಿಲ್ಲ.

ಅಪ್ಪ ಊರವರ ಮಾತು ಕೇಳಲಿಲ್ಲ. ತಾವೇ ಬೈಕಿನಲ್ಲಿ ಮಗಳನ್ನು ಕರೆತಂದರು.

“ಪರೀಕ್ಷಾ ಬರೀಲಿ ಮೇಡಂ,” ಎಂದರು. “ಬಾಗ್ಲಾ ನೀವ್ ನೋಡ್ಕೋರಿ. ಮಂದಿ ಬಾಯಿ ನಾ ನೋಡ್ಕೋತೀನಿ.”

ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಬಸ್ಸು ಕೇಳುತ್ತೀರಿ, ಹಾಸ್ಟೆಲ್ಲು ಕೇಳುತ್ತೀರಿ, ಪ್ಲೇಸ್‌ಮೆಂಟೂ ಕೇಳುತ್ತೀರಿ. ಚಿಲಕ ಯಾವ ಕಡೆಗಿದೆ ಎಂದು ಎಂದಾದರೂ ಕೇಳಿದ್ದೀರಾ?