ಕಾಗದದಲ್ಲಿದ್ದ ಕುರಿಗಳು

ಕೊರೊನಾ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನನಗೆ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸ ಸಿಕ್ಕಿತು. ನನ್ನನ್ನು ಬಿ.ಎಡ್. ಓದಿಸಿದ್ದು ನಮ್ಮವ್ವ ಸಾಕಿದ ಹಂದಿಗಳು. ಈ ಮಾತನ್ನು ಈಗ ಬರೆಯುತ್ತಿದ್ದೇನೆ. ಆಗ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, ಮನೆಯಲ್ಲಿ ಒಂದಷ್ಟು ಕುರಿ ಇವೆ ಅನ್ನುತ್ತಿದ್ದೆ.

ನಮ್ಮೂರು ಕಿರುಗಾವಲಿನ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವ್ವ ಎರಡು ಸೀಮೆ ಹಂದಿ ಮರಿ ತಂದು ಸಾಕಲು ಶುರು ಮಾಡಿದಳು. ಹೋಟೆಲುಗಳಲ್ಲಿ ಮಿಕ್ಕ ಅನ್ನ ತಂದು ಕುದಿಸಿ ಹಾಕುವಳು, ದಿನಕ್ಕೆರಡು ಸಲ ಕೊಟ್ಟಿಗೆ ತೊಳೆಯುವಳು. ಬೆಳ್ಳಿ ಅಂತ ಒಂದು ದೊಡ್ಡ ಹೆಣ್ಣು ಹಂದಿ ಇತ್ತು. ಅವ್ವನ ದನಿ ಕೇಳಿದರೆ ಸಾಕು, ಎದ್ದು ಬಂದು ಅವಳ ಸೀರೆಗೆ ಮೂತಿ ಒರೆಸುತ್ತಿತ್ತು.

ನನಗೆ ಕೆಲಸ ಸಿಕ್ಕ ವರ್ಷವೇ, ಕುರಿ ಹಂದಿ ಸಾಕುವವರಿಗೆ ಸರ್ಕಾರದವರು ಹೊಸ ಕೊಟ್ಟಿಗೆ ಕಟ್ಟಿಸಿಕೊಡುತ್ತಾರೆ ಅಂತ ಸುದ್ದಿ ಬಂತು. ಅವ್ವನಿಗೆ ಓದು ಬರದು, ಅರ್ಜಿ ತುಂಬಲು ನಾನೇ ಪಂಚಾಯಿತಿಗೆ ಹೋದೆ. ಹಂದಿ ಅಂತ ಬರೆದರೆ ಊರವರು ತಕರಾರು ತೆಗೆಯುತ್ತಾರೆ ಅಂದರು ಅಲ್ಲಿನ ಗುಮಾಸ್ತರು. ಆಮೇಲೆ ದನಿ ತಗ್ಗಿಸಿ, "ಕುರಿ ಅಂತ ಬರ್ಕೊಡಿ ಕಣಮ್ಮ. ಕುರಿಯೋ ಅಂದಿಯೋ, ಯಾರ್ ಬಂದ್ ನೋಡಾರು?" ಅಂದರು. ಭಾನುವಾರ ಬಂತೆಂದರೆ ಹಂದಿ ಬಾಡು ಕೊಳ್ಳಲು ನಮ್ಮ ಹಿತ್ತಲಿಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದ ಮಹಾನುಭಾವರು ಇವರೇ. ಅದೂ ಯಾರಿಗೂ ಕಾಣದಂತೆ ಕರಿ ಕವರಿನಲ್ಲಿ ಒಯ್ಯುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಅವರ ಮಾತು ಕೇಳಿ ನನಗೂ ಹಾಯೆನಿಸಿತು. ಹಂದಿ ಎಂಬ ಎರಡಕ್ಷರದ ಪಕ್ಕ ನಮ್ಮ ಹೆಸರು ಇರಬಾರದು ಅಂತ ನನ್ನ ಮನಸ್ಸಿನಲ್ಲೂ ಇತ್ತು. ಕುರಿ ಅಂತ ದುಂಡಗೆ ಬರೆದೆ. ಅವ್ವ ಹೆಬ್ಬೆಟ್ಟು ಒತ್ತಿದಳು. ಏನು ಬರೆದೆ ಅಂತ ಕೇಳಲೂ ಇಲ್ಲ, ಮಗಳು ಟೀಚರಮ್ಮ ಅಲ್ಲವೇ.

ಕೊಟ್ಟಿಗೆಯಾಯಿತು. ಎರಡು ವರ್ಷ ಕಳೆದು ಪಕ್ಕದೂರಿನ ಹಂದಿಗಳಲ್ಲಿ ಹಂದಿಜ್ವರ ಕಾಣಿಸಿಕೊಂಡಿತು. ಸುತ್ತಮುತ್ತಲಿನ ಹಂದಿಗಳನ್ನೆಲ್ಲ ಕೊಲ್ಲಬೇಕೆಂದು ಆದೇಶವಾಯಿತು. ಒಂದು ಬೆಳಿಗ್ಗೆ ಮೈತುಂಬ ಬಿಳಿ ಉಡುಪು ತೊಟ್ಟವರು ಜೀಪಿನಲ್ಲಿ ಬಂದರು. ನಮ್ಮ ಹನ್ನೊಂದರಲ್ಲಿ ಒಂದಕ್ಕೂ ಜ್ವರವಿರಲಿಲ್ಲ. ಹತ್ತು ಮುಗಿದವು, ಬೆಳ್ಳಿ ಮಾತ್ರ ಮೂಲೆ ಸೇರಿ ಕೈಗೆ ಸಿಗಲಿಲ್ಲ. ಕೊನೆಗೆ ಅವ್ವನಿಗೇ ಕರೆಯಲು ಹೇಳಿದರು. ಅವ್ವ ಕರೆದಳು. ಅದು ಬಂತು. ಹಿತ್ತಲಲ್ಲೇ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದರು. ಅವತ್ತು ಯಾರೂ ನಮ್ಮ ಕಾಗದ ಕೇಳಲಿಲ್ಲ.

ಹಂದಿ ಕಳೆದುಕೊಂಡವರಿಗೆ ಪರಿಹಾರ, ಆಮೇಲೆ ಹೊಸ ಮರಿ ಕೊಡುತ್ತಾರೆ ಅಂತ ತಿಳಿದು ಅವ್ವನನ್ನು ಕರೆದುಕೊಂಡು ಪಶು ಇಲಾಖೆಯ ಕಚೇರಿಗೆ ಹೋದೆ. ಸಾಹೇಬರು ನಮ್ಮ ಕೊಟ್ಟಿಗೆಯ ಕಾಗದ ತೆಗೆದು ನೋಡಿ, "ಇಲ್ಲಿ ಕುರಿ ಅಂತಿದೆಯಲ್ಲಮ್ಮ. ಕುರಿಗೆ ಹಂದಿಜ್ವರ ಬರಲ್ಲ" ಅಂದರು. ನಿಮ್ಮವರೇ ಬಂದು ಕೊಂದರಲ್ಲ ಸಾರ್, ಗುಂಡಿ ಇನ್ನೂ ಹಸಿಯಾಗಿದೆ ಅಂದೆ. ಕೊಂದ ಪಟ್ಟಿ ಬೇರೆ, ಕೊಡುವ ಪಟ್ಟಿ ಬೇರೆ ಅಂದರು. ಅಲ್ಲಿಂದ ಪಂಚಾಯಿತಿ ಗುಮಾಸ್ತರ ಹತ್ತಿರ ಓಡಿದೆ. ಅವರು ಕತ್ತೆತ್ತಿಯೂ ನೋಡದೆ, ಬರೆದ ಕೈ ನಿಮ್ಮದೇ ತಾನೇ ಅಂದುಬಿಟ್ಟರು.

ಬಸ್ಸು ಊರಿನ ಹತ್ತಿರ ಬಂತು. ಅವ್ವ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: "ಅಂದಿ ಅಂತ ಬರೆಯಕ್ಕೆ ನಾಚ್ಕೆ ಆಯ್ತಾ ಮಗ? ಅದ್ರ ಅನ್ನ ಉಣ್ಣಕ್ಕೆ ಆಗ್ನಿಲ್ವಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಅವ್ವ ಈಗ ಬೇರೆಯವರ ಗದ್ದೆಯಲ್ಲಿ ಕಳೆ ಕೀಳಲು ಹೋಗುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಮಕ್ಕಳ ನೋಟ್ಸಿನಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿದರೂ ಕೆಂಪು ಶಾಯಿಯಲ್ಲಿ ತಿದ್ದುವವಳು ನಾನು. ನಾನೇ ಬರೆದ ಆ ಎರಡಕ್ಷರ ತಿದ್ದಿಸಲು ಎಷ್ಟು ಅಲೆದರೂ ಆಗಿಲ್ಲ. ಸರ್ಕಾರದ ಮೇಲೆ ಸಿಟ್ಟಿದೆ, ಗುಮಾಸ್ತರ ಮೇಲೆ ಸಿಟ್ಟಿದೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೇ ಇದೆ.

ಹೋದ ತಿಂಗಳು, ಅರ್ಜಿಯಲ್ಲಿ ಬರೆದಿದ್ದ ನನ್ನ ನಂಬರಿಗೆ ಒಂದು ಮೆಸೇಜು ಬಂತು. ನಿಮ್ಮ ಕುರಿಗಳಿಗೆ ಉಚಿತ ಲಸಿಕೆ ಹಾಕಿಸಿಕೊಳ್ಳಿ ಅಂತ. ಪಕ್ಕದಲ್ಲಿದ್ದ ಅವ್ವ, "ಏನ್ ಬಂದದೆ, ಓದವ್ವ" ಅಂದಳು. ನಾನು ಫೋನು ಮಗುಚಿಟ್ಟು, ತಿದ್ದಬೇಕಿದ್ದ ಮಕ್ಕಳ ನೋಟ್ಸು ಎಳೆದುಕೊಂಡೆ.