ತಮ್ಮನ ಗೆರೆ

ಕಿಡಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಕೋಪದಿಂದಲ್ಲ, ಕೆಲಸದಿಂದ. ರೇಸ್ ಬೈಕಿನ ಎಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಕೂರಿಸುವುದರಲ್ಲೇ ಅವನ ತಲೆಗೂದಲು ಹಣ್ಣಾಗಿತ್ತು. ನೇರ ರಸ್ತೆಯ ಗಿಡ್ಡ ಓಟವೇ, ಕಿಡಿ ಬೇಗ ಹಾರಲಿ. ಎಂಜಿನ್ ಕಾಯುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಸುತ್ತು ಹೊಡೆಯುವ ಉದ್ದದ ಓಟವೇ, ಕೂದಲೆಳೆಯಷ್ಟು ತಡವಾಗಲಿ, ಇಲ್ಲದಿದ್ದರೆ ಕಾವಿಗೆ ಪಿಸ್ಟನ್ ಕರಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವನು ಹೇಳಿ ಹೇಳಿ ಸವೆಸಿದ್ದು ಮಾತ್ರ ಒಬ್ಬನಿಗೇ, ಒಡಹುಟ್ಟಿದ ತಮ್ಮನಿಗೆ.

ತಮ್ಮ ಕೇಳುವ ಪೈಕಿಯಲ್ಲ. ಎಂಜಿನ್ನಿನ ಚಕ್ರದ ಮೇಲೆ ಕಿಡಿಯ ಗಳಿಗೆ ತೋರಿಸಲು ಕಂಪನಿ ಹಾಕಿದ ಗೆರೆ ಸಾಲದೆಂದು, ಬೇಗದ ಕಡೆಗೆ ಮೊಳೆಯಿಂದ ತನ್ನದೇ ಒಂದು ಗೆರೆ ಗೀಚಿಕೊಂಡಿದ್ದ. ಅಣ್ಣ ಕೂರಿಸಿದ್ದನ್ನು ಬೆನ್ನ ಹಿಂದೆ ತಿರುಗಿಸಿಕೊಳ್ಳುತ್ತಿದ್ದ. ಈ ಕಳ್ಳತನ ಹಿಡಿಯಲೆಂದೇ ಅಣ್ಣ ಕಿಡಿ ಕೂರಿಸುವ ಸ್ಕ್ರೂ ಮೇಲೆ ದಪ್ಪಗೆ ಕೆಂಪು ಬಣ್ಣದ ಬೊಟ್ಟಿಡಲು ಶುರುಮಾಡಿದ. ಪ್ರತಿ ಸಲವೂ ಬೊಟ್ಟು ಒಡೆದಿರುತ್ತಿತ್ತು. ಬೈದರೆ ತಮ್ಮ ತನ್ನ ಹೆಬ್ಬೆರಳು ತೋರಿಸುತ್ತಿದ್ದ. ಹಿಂದೊಮ್ಮೆ ಚೈನಿಗೆ ಸಿಕ್ಕಿ ಅದರಲ್ಲಿ ಅಡ್ಡಕ್ಕೊಂದು ಸೀಳಿನ ಕಲೆ ಉಳಿದಿತ್ತು.

"ಇದು ಸುಮ್ನಿರಲ್ಲ ಅಣ್ಣಾ" ಎಂದು ನಗುತ್ತಿದ್ದ.

ಒಂದು ದಿನ ಉದ್ದದ ಓಟಕ್ಕೂ ಗಿಡ್ಡ ಓಟದ ಆ ಗೆರೆಯಲ್ಲೇ ಹೋದ. ನಡುದಾರಿಯಲ್ಲಿ ಎಂಜಿನ್ ಹಿಡಿದುಕೊಂಡಿತು. ಗಾಲಿ ನಿಂತಿತು, ಅವನು ನಿಲ್ಲಲಿಲ್ಲ. ಅವನ ಮಗಳು ಆಗಿನ್ನೂ ತೊಟ್ಟಿಲಲ್ಲಿದ್ದಳು.

ಈಗ ಆ ಮಗಳೇ ಹೆಲ್ಮೆಟ್ ಹಿಡಿದು ಶೆಡ್ಡಿನಲ್ಲಿ ನಿಂತಿದ್ದಳು. ಮಧ್ಯಾಹ್ನ ಅವಳ ಮೊದಲ ಉದ್ದದ ಓಟ. ಮೇಸ್ತ್ರಿ ಎಂಜಿನ್ ಚಾಲೂ ಮಾಡಿ ಟೈಮಿಂಗ್ ದೀಪ ಹಿಡಿದ. ಒಂದೊಂದು ಕಿಡಿಗೂ ಒಮ್ಮೆ ಮಿನುಗುವ ಆ ದೀಪದಲ್ಲಿ, ಹುಚ್ಚೆದ್ದು ತಿರುಗುವ ಚಕ್ರವೂ ಅಲ್ಲಾಡದೆ ನಿಂತಂತೆ ಕಾಣುತ್ತದೆ. ಅದರ ಗೆರೆ ಪಕ್ಕದಲ್ಲಿ ಕದಲದೆ ನಿಂತ ಗುರುತಿನ ಮುಳ್ಳಿಗೆ ನೇರ ಬಂದರೆ ಕೆಲಸ ಮುಗಿಯಿತು.

ಚಕ್ರ ಹೊಸದು, ಬೆಳಿಗ್ಗೆಯಷ್ಟೇ ಡಬ್ಬಿಯಿಂದ ತೆಗೆದದ್ದು. ಅದರ ಮೇಲಿದ್ದದ್ದು ಒಂದೇ ಗೆರೆ. ದೀಪದ ಬೆಳಕಿನಲ್ಲಿ ಎರಡು ನಿಂತಿದ್ದವು.

ಎರಡನೆಯದು ಸೊಟ್ಟಗಿತ್ತು, ಮೊಳೆಯಿಂದ ಗೀಚಿದ್ದು. ತಮ್ಮನದೇ ಕೈ. ಆದರೆ ಅದು ಈ ಸಲ ತಡದ ಕಡೆಗಿತ್ತು. ಸತ್ತ ಮೇಲಾದರೂ ಬುದ್ಧಿ ಬಂತಲ್ಲ ಎಂದುಕೊಂಡು ಮೇಸ್ತ್ರಿ, ಆ ಗೆರೆ ಮುಳ್ಳಿಗೆ ಬರುವಷ್ಟು ಕಿಡಿಯನ್ನು ಹಿಂದೆ ಸರಿಸಿದ. ಗೆರೆ ತಡದ ಕಡೆಗೇ ಇನ್ನಷ್ಟು ಹಿಂದೆ ಹೋಯಿತು. ಮತ್ತೆ ಸರಿಸಿದ, ಅದೂ ಸರಿಯಿತು. ಎಂಜಿನ್ನಿನ ದನಿ ಕಟ್ಟಿತು, ಕೆಮ್ಮಿತು, ಆರಿಹೋಯಿತು. ನಿಂತ ಚಕ್ರದ ಮೇಲೆ ಒಂದೇ ಗೆರೆ.

ತಮ್ಮನಿಗೆ ಮಗಳು ಹೊರಡುವುದೇ ಬೇಡವಾಗಿತ್ತು. ಮೇಸ್ತ್ರಿ ಒರೆಸುವ ಬಟ್ಟೆಯಲ್ಲಿ ಕೈ ಒರೆಸುತ್ತಾ ಎಲ್ಲವನ್ನೂ ಅವಳಿಗೆ ಹೇಳಿದ. ಇವತ್ತು ಓಟ ಬೇಡ, ನನಗೂ ಭಯವಾಗ್ತಿದೆ ಎಂದ. ಅವಳು ನಗಲಿಲ್ಲ. ಮೊದಲಿದ್ದಲ್ಲಿಗೇ ಕೂರಿಸಿ ಇನ್ನೊಮ್ಮೆ ಚಾಲೂ ಮಾಡಿ ಎಂದಳು. ದೀಪ ಹಿಡಿದರೆ ಅವಳ ಕಣ್ಣಿಗೆ ಒಂದೇ ಗೆರೆ. ಇನ್ನೊಂದೆಲ್ಲಿ ಎಂದು ಕೇಳಿದಳು. ಅವನು ಬೆರಳು ತೋರಿಸಿದ. ಅವಳು ಆ ಬರಿಯ ಜಾಗದತ್ತ ಬಗ್ಗಿದಳು.

"ಅಪ್ಪಾ, ನಾನು ನಿನ್ನ ಹಾಗೆ ತಿರುಗಿಸ್ಕೊಳ್ಳಲ್ಲ. ದೊಡ್ಡಪ್ಪ ಎಲ್ಲಿ ಇಟ್ರೋ ಅಲ್ಲೇ ಓಡಿಸ್ತೀನಿ. ನನ್ನ ಬಿಡು."

ಸೊಟ್ಟ ಗೆರೆ ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಇಷ್ಟಿಷ್ಟೇ ಸರಿದು ಬಂದು ಕಂಪನಿಯ ಗೆರೆಗೆ ಸೇರಿಕೊಂಡಿತು. ಬದುಕಿದ್ದಾಗ ಒಮ್ಮೆಯೂ ಅಣ್ಣನ ಲೆಕ್ಕಕ್ಕೆ ಬಂದವನಲ್ಲ. ಮೇಸ್ತ್ರಿ ಎಂಜಿನ್ ಆರಿಸಿದ. ಸ್ಕ್ರೂ ಬಿಗಿದು, ಕೆಂಪು ಬೊಟ್ಟಿಟ್ಟು, ಅದು ಹಸಿಯಿದ್ದಂತೆಯೇ ಮುಚ್ಚಳ ಹಾಕಿ ನಾಲ್ಕೂ ಬೋಲ್ಟ್ ಬಿಗಿದ.

ಅವಳು ಗೆಲ್ಲಲಿಲ್ಲ. ಇಡಿಯಾಗಿ ಬಂದಳು, ಅಷ್ಟು ಸಾಕಾಗಿತ್ತು. ಎಂಜಿನ್ ಪೂರ್ತಿ ತಣಿಯಲು ಬಿಟ್ಟು, ಮೇಸ್ತ್ರಿ ತಾನೇ ಮುಚ್ಚಳ ಬಿಚ್ಚಿದ. ಬೊಟ್ಟು ಒಡೆದಿರಲಿಲ್ಲ. ಅದರ ಮೇಲೆ ಹೆಬ್ಬೆಟ್ಟು ಒತ್ತಿದ ಗುರುತಿತ್ತು, ಅಡ್ಡಕ್ಕೊಂದು ಸೀಳು.

ಮೇಸ್ತ್ರಿ ಅದರ ಮೇಲೆ ತನ್ನ ಬೆರಳಿಟ್ಟ. ಸುತ್ತಲಿನ ಕಬ್ಬಿಣವೆಲ್ಲ ತಣ್ಣಗಿತ್ತು, ಆ ಗುರುತು ಮಾತ್ರ ಬೆಚ್ಚಗಿತ್ತು.