ಇಲ್ಲದ ಕಲ್ಲು

ಓಟದ ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನಿಲ್ಲುವಾಗಲೇ ಗಡಿಬಿಡಿಗೆ ಗೊತ್ತಾಗಿಹೋಯಿತು, ಬಲಗಾಲು ಕೈಕೊಟ್ಟಿದೆ ಎಂದು. ಮೊಣಕಾಲು ಉಬ್ಬಿದ ಹಿಟ್ಟಿನ ಉಂಡೆಯಂತಾಗಿತ್ತು. ಬ್ರೆಡ್ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಹಿಟ್ಟು ನಾದುವವಳು ಅವಳು. ಬೇಯುವ ಮುಂಚೆಯೇ ಒಲೆಯ ಬಾಗಿಲು ತೆರೆದು ನೋಡುವ ಹೆಣ್ಣಿಗೆ ಅಲ್ಲಿನವರು ಗಡಿಬಿಡಿ ಎಂದಲ್ಲದೆ ಇನ್ನೇನು ಹೆಸರಿಡುತ್ತಾರೆ!

ಪಕ್ಕದಲ್ಲಿ ಅಕ್ಕ ಆಗಲೇ ಶೂ ಬಿಗಿದುಕೊಂಡು ಕೈ ಚಾಚಿ ಕೂತಿದ್ದಳು. "ಎಲ್ಲೇ ಹಗ್ಗ? ಕಟ್ಟೇ ಬೇಗ, ಎಲ್ಲರೂ ಹೊರಟ್ರು."

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹಿಂದೆ ಅವಳದೇ ಹೊಲಿಗೆ ಅಂಗಡಿಯಿತ್ತು. ಸೂಜಿಗೆ ದಾರ ಪೋಣಿಸುವುದು ಯಾಕೋ ಕಷ್ಟವಾಗುತ್ತಿದೆ ಎಂದು ಶುರುವಾದದ್ದು, ಎರಡು ವರ್ಷದಲ್ಲಿ ಪೂರ್ತಿ ಕತ್ತಲೆಯಾಗಿ ನಿಂತಿತು. ಆಮೇಲೆ ಒಂದು ವರ್ಷ ಅವಳು ಗೋಡೆಗೆ ಮುಖಮಾಡಿ ಮಂಚದ ಮೇಲೆಯೇ ಕೂತಳು. ಬಾಗಿಲವರೆಗೂ ಬರಲಿಲ್ಲ. ಕೊನೆಗೆ ಗಡಿಬಿಡಿಯೇ ಬೈದು, ಅತ್ತು, ಕಾಲು ಹಿಡಿದು, ಒಂದು ದಿನ ಬೀದಿಗೆ ಎಳೆದು ತಂದಳು. ಮೊಳದುದ್ದದ ಹಗ್ಗ, ಒಂದು ತುದಿ ಅಕ್ಕನ ಮಣಿಕಟ್ಟಿಗೆ, ಇನ್ನೊಂದು ತಂಗಿಯ ಮಣಿಕಟ್ಟಿಗೆ. ಇವಳು ನೋಡಿ ಕೂಗುವುದು, ಅವಳು ನಂಬಿ ಓಡುವುದು. ಹೀಗೆ ಮೊದಲು ಬೀದಿ, ಆಮೇಲೆ ಮೈದಾನ, ಈಗ ಐದು ದಿನದ ಗುಡ್ಡಗಾಡಿನ ಓಟ.

ಹೊರಡುವ ಹಿಂದಿನ ದಿನ ಅಕ್ಕ ಹೇಳಿದ್ದಳು, "ಇದೊಂದು ಮುಗಿಸಿದ್ರೆ ಅಂಗಡಿ ಬಾಗಿಲು ತೆಗೀತೀನಿ. ಅಳತೆ ತಗೊಳ್ಳೋಕೆ, ಹೊಲಿಯೋಕೆ ಕೈ ಸಾಕು ನಂಗೆ. ಮಧ್ಯದಲ್ಲಿ ನಿಂತ್ರೆ ಮಾತ್ರ ಮತ್ತೆ ಆ ಮಂಚಾನೇ. ಆಮೇಲೆ ನೀನು ನನ್ನ ಎಳೀಬಾರ್ದು."

ಅಕ್ಕ ಒಂದು ಮಾತು ಆಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಯಿಸುವವಳಲ್ಲ. ಆದ್ದರಿಂದಲೇ ಗಡಿಬಿಡಿ ಕಾಲುನೋವಿನ ಸುದ್ದಿ ಎತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಹಗ್ಗ ಕಟ್ಟಿದಳು.

ಮೊದಲ ಇಳಿಜಾರಿನಲ್ಲೇ ಜೀವ ಬಾಯಿಗೆ ಬಂತು. ಅಕ್ಕನದು ಹುರುಪಿನ ಓಟ, ಹಗ್ಗ ಜಗ್ಗುತ್ತಿತ್ತು. ಇನ್ನೇನು ಕಿರುಚಿಬಿಡಬೇಕು, ಅಷ್ಟರಲ್ಲಿ ಗಡಿಬಿಡಿಯ ಬಾಯಿಂದ "ಕಲ್ಲು!" ಎಂದು ಬಂತು. ಅಕ್ಕ ತಟ್ಟನೆ ನಿಧಾನಿಸಿ, ಕಾಲೆತ್ತಿ ದಾಟಿದಳು. ಅಲ್ಲಿ ಕಲ್ಲೂ ಇರಲಿಲ್ಲ, ಮಣ್ಣುಹೆಂಟೆಯೂ ಇರಲಿಲ್ಲ. ಆದರೆ ಮೊಣಕಾಲಿಗೆ ಒಂದು ಉಸಿರಿನಷ್ಟು ಬಿಡುವು ಸಿಕ್ಕಿತು. ಒಂದು ಸಲ ರುಚಿ ಹತ್ತಿದರೆ ಕೇಳಬೇಕೆ! ಇನ್ನೊಂದು ಕಲ್ಲು, ಮತ್ತೊಂದು ಕಲ್ಲು. ಬಟ್ಟಬಯಲಲ್ಲಿ ಅಕ್ಕ ಪಾದ ಎತ್ತೆತ್ತಿ ಇಡುವುದನ್ನು ನೋಡಲಾರದೆ ಗಡಿಬಿಡಿ ಮುಖ ಆಚೆ ತಿರುಗಿಸುತ್ತಿದ್ದಳು. ಆದರೂ ಬಾಯಿ ನಿಲ್ಲಲಿಲ್ಲ.

ಹಿಂದಿನಿಂದ, ಓಟಕ್ಕೆ ಸೇರಿದ್ದ ಒಬ್ಬ ಕ್ಷೌರದಂಗಡಿಯವನು ಬಂದ. ಮೊದಲ ದಿನದಿಂದಲೂ ಎಲ್ಲರಿಗಿಂತ ಕೊನೆ ಅವನು, ಮಾತಿನಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. "ಏನ್ ಅಕ್ಕಾವ್ರೇ, ದಾರಿ ಚಾಪೆ ಹಾಸಿದ ಹಂಗಿದೆ, ನೀವ್ಯಾಕೆ ಹಿಂಗೆ ಕಾಲೆತ್ತಿ ಕುಣೀತಿದೀರಿ?"

ಅಕ್ಕನ ಮುಖ ಬಿಳಿಚಿಕೊಂಡಿತು.

ಎರಡು ತಿರುವು ದಾಟಿದ ಮೇಲೆ ನಿಜವಾಗಿಯೂ ಕಲ್ಲು ಬಂತು. "ಅಕ್ಕಾ, ಕಲ್ಲು! ಕಲ್ಲೇ!" ಅಕ್ಕ ಕಾಲೆತ್ತಲಿಲ್ಲ. ದಡಾರನೆ ಬಿದ್ದಳು, ತಂಗಿಯನ್ನೂ ಎಳೆದುಕೊಂಡು. ಅಕ್ಕನ ಎರಡೂ ಅಂಗೈ ತರಚಿ ರಕ್ತ ಬಂತು.

"ಬೆಳಿಗ್ಗೆಯಿಂದ ಎಷ್ಟು ಸುಳ್ಳು ಕಲ್ಲು ದಾಟಿಸ್ದೆ?"

"ಕಾಲು ನೋವು ಅಕ್ಕಾ... ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆ ನೀನು."

"ನೋವು ಅಂತ ಒಂದು ಮಾತು ಹೇಳೋಕೆ ಏನು ದಾಡಿ ನಿಂಗೆ? ಇನ್ಮೇಲೆ ನೀನು ಕೂಗೋದ್ರಲ್ಲಿ ಯಾವ್ದು ನಿಜ ಅಂತ ನಾನು ಹೆಂಗೆ ತಿಳ್ಕೊಳ್ಳಲೇ?"

ಕುಂಟುತ್ತ, ತೆವಳುತ್ತ ಮುಂದಿನ ತಂಗುದಾಣ ಮುಟ್ಟಿದರು. ಅಲ್ಲಿದ್ದ ದಾದಿ ಮೊಣಕಾಲು ಒತ್ತಿ ನೋಡಿ, ಇವಳು ಇನ್ನೊಂದು ಹೆಜ್ಜೆ ಓಡುವಂತಿಲ್ಲ ಎಂದುಬಿಟ್ಟಳು. ಹಗ್ಗ ಹಿಡಿಯಲು ಬೇರೆ ಓಟಗಾರರು ಒಪ್ಪಿದರೆ ಅಕ್ಕ ಹೋಗಬಹುದು. ಆದರೆ ಗಡುವು ಮುಗಿಯುತ್ತ ಬಂದಿದೆ, ಇನ್ನು ಎಂಟು ನಿಮಿಷಕ್ಕೆ ಮುಂದಿನ ದಾರಿ ಮುಚ್ಚುತ್ತದೆ.

ಅಕ್ಕ ಬೆಂಚಿನ ಮೇಲೆ ಕೂತು ಮುಖ ಆ ಕಡೆ ತಿರುಗಿಸಿದಳು. "ಆಯ್ತು ಬಿಡು. ಮನೆಗೆ ಹೋಗೋಣ."

ಆ ದನಿ ಗಡಿಬಿಡಿಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಮಂಚದ ಕಡೆಯಿಂದ ಕೇಳಿದ ದನಿ ಅದು. ಎಲ್ಲ ನನ್ನಿಂದಲೇ ಆಯಿತಲ್ಲ, ದೇವರೇ!

ಕ್ಷೌರದಂಗಡಿಯವನು ತಪ್ಪಿತಸ್ಥನಂತೆ ನಿಂತಿದ್ದ. "ನನ್ನ ಹಾಳು ಬಾಯಿ... ನಾನು ಹಗ್ಗ ಹಿಡೀಲಾ ಅಕ್ಕಾವ್ರೇ?"

"ಗುರುತು ಪರಿಚಯ ಇಲ್ದೋನ ಜೊತೆ ನಾನು ಬರಲ್ಲ."

ಗಡಿಬಿಡಿ ಕುಂಟುತ್ತ ಬಂದು ಅಕ್ಕನ ಮುಂದೆ ನಿಂತಳು. "ನನ್ನ ಗುರುತು ಇತ್ತಲ್ಲ, ಏನಾಯ್ತು ನೋಡಿದ್ಯಲ್ಲ! ಈ ಅಣ್ಣನ ಬಾಯಲ್ಲಿ ಏನೂ ನಿಲ್ಲಲ್ಲ ಅಕ್ಕಾ. ಕಂಡಿದ್ದು ಕಂಡ ಹಾಗೆ ಒದರ್ತಾನೆ. ನಿಂಗೆ ಈಗ ಬೇಕಾಗಿರೋದು ಅದೇ. ನನ್ನ ಬೈಯೋದಿದ್ರೆ ಮುಗಿಸಿ ಬಂದು ಬೈಯಿ. ಏಳೇ, ನಿನ್ನ ದಮ್ಮಯ್ಯ!"

ಗಡಿಯಾರದಲ್ಲಿ ಎರಡು ನಿಮಿಷ ಉಳಿಯಿತು. ಆಮೇಲೆ ಅಕ್ಕ ತರಚಿದ ಕೈಯನ್ನು ಮುಂದೆ ಚಾಚಿದಳು, ತಂಗಿಯ ಕಡೆಗಲ್ಲ. ಗಡಿಬಿಡಿ ತನ್ನ ಮಣಿಕಟ್ಟಿನ ಗಂಟು ಬಿಚ್ಚಿ ಅವನ ಕೈಗೆ ಕಟ್ಟಿ, ಬೆಂಚಿನ ಮೇಲೆ ಕೂತಳು.

ಹತ್ತು ಹೆಜ್ಜೆ ಹೋಗುವುದರಲ್ಲೇ ಅವನದು ಶುರುವಾಯಿತು. "ಎಡಕ್ಕೆ... ಅಯ್ಯೋ ಅಲ್ಲಲ್ಲ, ಬಲಕ್ಕೆ! ಬೇರು ಇದೆ, ದಾಟಿದ್ವಿ ಬಿಡಿ!"

"ಮುಂಚೆ ಹೇಳ್ಬೇಕಣ್ಣಾ! ಮೂರು ಹೆಜ್ಜೆ ಮುಂಚೆ!" ಎಂದು ಕೂಗುತ್ತ ಗಡಿಬಿಡಿ ಎದ್ದಳು. ಕಾಲು ತಡೆಯಲಿಲ್ಲ, ಬೆಂಚಿನ ಮೇಲೆಯೇ ಕುಸಿದಳು.

"ಸುಮ್ನೆ ಕೂತ್ಕೊಳ್ಳೇ!" ಅಕ್ಕ ತಿರುಗದೆಯೇ ಗದರಿದಳು. "ಅವನಿಗೆ ನಾನು ಹೇಳ್ಕೊಡ್ತೀನಿ."

ಇಬ್ಬರೂ ಮರಗಳ ಮರೆಗೆ ಹೋದರು. ಗಡಿಬಿಡಿ ಬಿಕ್ಕಿ ಬಿಕ್ಕಿ ಅತ್ತಳು. ನೋವು ತಡೆಯಲಾಗುತ್ತಿಲ್ಲ ಪಾಪ ಎಂದುಕೊಂಡು ದಾದಿ ಮೊಣಕಾಲಿಗೆ ಇನ್ನಷ್ಟು ಐಸ್ ತಂದಿಟ್ಟಳು.